ಸಂತೆಬೀದಿಯ ಕೋಳಿಮರಿ ಅಂಗಡಿ: ‘ಅಪ್ಪಟ ನಾಟಿ’ ಬೋರ್ಡು ನಂಬಬೇಡಿ, ಮರಿ ನಂಬಬಹುದು

ಐದಕ್ಕೆ ಮೂರು ನಕ್ಷತ್ರ. ಮರಿಗಳ ಆರೋಗ್ಯ ಒಂದನ್ನೇ ನೋಡಿದ್ದರೆ ನಾಲ್ಕು ಕೊಡುತ್ತಿದ್ದೆ. ಯಾವ ಮರಿ ಯಾವ ಜಾತಿ ಅಂತ ಹೇಳುವುದರಲ್ಲಿ ಒಂದು ಕೊಟ್ಟರೂ ಜಾಸ್ತಿ.

ಅಂಗಡಿಯ ಹೆಸರು ಬರೆಯುವುದಿಲ್ಲ. ನಮ್ಮ ಮಂಡ್ಯ ಕಡೆ ಯಾವ ಪೇಟೆಗೆ ಹೋದರೂ ಇಂಥದ್ದೊಂದು ಅಂಗಡಿ ಇದ್ದೇ ಇರುತ್ತದೆ. ಸಂತೆ ಮೈದಾನದ ಪಕ್ಕ ಒಂದು ಶಟರು, ಮುಂದೆ ಮೂರಂತಸ್ತಿನ ತಂತಿ ಪಂಜರ, ಒಳಗೆ ಹಳದಿ ಬಲ್ಬು, ಗೋಡೆಗೆ ಒರಗಿಸಿದ ಫೀಡ್ ಮೂಟೆ. ಮೇಲೆ ದೊಡ್ಡ ಅಕ್ಷರದಲ್ಲಿ ‘ಅಪ್ಪಟ ನಾಟಿ ಕೋಳಿ ಮರಿ ದೊರೆಯುತ್ತದೆ’. ಆ ‘ಅಪ್ಪಟ’ದ ಬಗ್ಗೆಯೇ ನನ್ನ ತಕರಾರು.

ನಾನು ಹಿತ್ತಲಲ್ಲಿ ಕೋಳಿ ಸಾಕಿ ಅಕ್ಕಪಕ್ಕದವರಿಗೆ ಮೊಟ್ಟೆ ಕೊಡುತ್ತೇನೆ. ಬಾಣಂತಿ ಇರುವ ಮನೆಯವರು ಬರುತ್ತಾರೆ, ಜಿಮ್‌ಗೆ ಹೋಗುವ ಹುಡುಗರೂ ಬರುತ್ತಾರೆ. ಎಲ್ಲರಿಗೂ ನಾಟಿ ಮೊಟ್ಟೆಯೇ ಬೇಕು. ಎಲ್ಲರೂ ಬಣ್ಣ ನೋಡಿಯೇ ನಂಬುವವರು. ಕಂದು ಇದ್ದರೆ ನಾಟಿ, ಬಿಳಿ ಇದ್ದರೆ ಫಾರಂ. ಹಾಗಾಗಿ ನಾನೇನು ಮಾರುತ್ತಿದ್ದೇನೆ ಅಂತ ಮೊದಲು ನನಗೆ ಗೊತ್ತಿರಬೇಕು ಅಲ್ವಾ? ಅದಕ್ಕೇ ಬೇಕಂತಲೇ ಆ ಅಂಗಡಿಯ ಬೇರೆ ಬೇರೆ ಪಂಜರಗಳಿಂದ ಒಂದಷ್ಟು ತಿಂಗಳ ಮರಿ ತಂದು ಬೆಳೆಸಿದೆ. ನಾಟಿ ಅಂತ ಕೊಟ್ಟದ್ದು ಹೆಚ್ಚು, ಗಿರಿರಾಜ ಅನ್ನುವ ಮಿಶ್ರತಳಿ ಕೆಲವು, ಕಡಕ್‌ನಾಥ್ ಅನ್ನುವ ಕರಿ ಕೋಳಿ ಎರಡು. ಈಗ ಎಲ್ಲವೂ ಮೊಟ್ಟೆ ಇಡುತ್ತಿವೆ. ಈಗ ಮಾತಾಡಬಹುದು.

ಮೊದಲು ಒಳ್ಳೆಯದು. ಅಂಗಡಿಯವನಿಗೆ ಮರಿ ಸಾಕುವುದು ಗೊತ್ತು. ಪಂಜರದ ತಳ ಒಣಗಿರುತ್ತದೆ. ಹಿಂಭಾಗಕ್ಕೆ ಹಿಕ್ಕೆ ಅಂಟಿಸಿಕೊಂಡ ಮರಿ ಒಂದೂ ಕಾಣಲಿಲ್ಲ. ಕೊಕ್ಕರೆ ರೋಗಕ್ಕೆ ಮೊದಲ ವಾರವೇ ಕಣ್ಣಿಗೆ ಲಸೋಟಾ ಲಸಿಕೆಯ ಹನಿ ಹಾಕಿದ್ದಾನೆ. ‘ಎಂಟನೇ ವಾರಕ್ಕೆ ಆರ್‌ಟುಬಿ ಚುಚ್ಚಿಸಬೇಕು ಅಕ್ಕಾ, ಪಶು ಆಸ್ಪತ್ರೇಲಿ ಕೇಳಿ’ ಅಂತ ಅದೇ ರೋಗದ ಮುಂದಿನ ಲಸಿಕೆಯನ್ನೂ ತಾನೇ ನೆನಪಿಸಿದ. ರಟ್ಟಿನ ಪೆಟ್ಟಿಗೆಗೆ ತೂತು ಹೊಡೆದು ಕೊಟ್ಟ. ಮನೆಗೆ ಹೋದ ತಕ್ಷಣ ಕಾಳು ಹಾಕಬೇಡಿ, ಮೊದಲು ಬೆಲ್ಲದ ನೀರು ಕೊಡಿ ಅಂದ. ತಂದ ಮರಿಗಳಲ್ಲಿ ರೋಗ ಬಂದು ಸತ್ತದ್ದು ಒಂದೂ ಇಲ್ಲ. ಒಂದನ್ನು ಹದ್ದು ಎತ್ತಿಕೊಂಡು ಹೋಯಿತು, ಅದಕ್ಕೆ ಅಂಗಡಿಯವನು ಏನು ಮಾಡಿಯಾನು.

ಪೆಟ್ಟಿಗೆ ಬಿಚ್ಚಿದ ದಿನವೇ ನಮ್ಮ ಅತ್ತೆ ಜಗಲಿ ಮೇಲೆ ಕೂತು ಮರಿಗಳನ್ನು ಒಂದೊಂದಾಗಿ ನೋಡಿದರು. ನಾಟಿ ಅಂತ ಕೊಟ್ಟದ್ದರಲ್ಲಿ ನಾಲ್ಕನ್ನು ಆಚೆ ತಳ್ಳಿ, ‘ಇವು ನಾಟಿ ಅಲ್ಲ ಕಣವ್ವ, ಎಲ್ಲವೂ ಒಂದೇ ಅಚ್ಚಲ್ಲಿ ಹೊಯ್ದಂಗವೆ’ ಅಂದರು. ಅಷ್ಟೇ ಕಾರಣ. ನಾಟಿ ಮರಿ ಒಂದರಂತೆ ಇನ್ನೊಂದಿರುವುದಿಲ್ಲ. ಒಂದೇ ತಾಯಿಯ ಮರಿಗಳಲ್ಲಿ ಕರಿ, ಬೂದು, ಚುಕ್ಕೆ, ಕತ್ತು ಬೋಳು ಎಲ್ಲ ಬರುತ್ತವೆ. ಈ ನಾಲ್ಕೂ ಒಂದೇ ಕೆಂಗಂದು ಬಣ್ಣ, ಒಂದೇ ಎತ್ತರ, ಒಂದೇ ನಡಿಗೆ.

ಬೆಳೆದ ಮೇಲೆ ಅತ್ತೆ ಹೇಳಿದ್ದೇ ಸರಿಯಾಯಿತು. ಮೈಯೆಲ್ಲ ಇಟ್ಟಿಗೆ ಕೆಂಪು, ರೆಕ್ಕೆ ಮಗುಚಿ ನೋಡಿದರೆ ಒಳಗರಿ ಬಿಳಿ. ಕಾಲು ಹಳದಿ. ಜುಟ್ಟು ಒಂಟಿ, ನೆಟ್ಟಗೆ, ಕೆಂಪಗೆ. ಐದು ತಿಂಗಳಿಗೆ ಮೊಟ್ಟೆ ಶುರು. ನಮ್ಮ ನಾಟಿ ಹೇಂಟೆಗಳು ಇನ್ನೂ ಮೊಟ್ಟೆಯ ಯೋಚನೆಯನ್ನೇ ಮಾಡಿರಲಿಲ್ಲ. ಇವು ಹೆಚ್ಚುಕಡಿಮೆ ದಿನಾ ಒಂದು, ದೊಡ್ಡದು, ಗಾಢ ಕಂದು. ಇದು ಬಿವಿ 380 ತರಹದ, ಕಂದು ಮೊಟ್ಟೆಗೆಂದೇ ತಳಿ ಕಟ್ಟಿದ ಪಂಜರದ ಕೋಳಿ. ಒಳ್ಳೆಯ ಕೋಳಿ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ಮೊಟ್ಟೆ ವ್ಯಾಪಾರ ಮಾಡುವವರಿಗೆ ಇದಕ್ಕಿಂತ ಲಾಭದ ಹಕ್ಕಿ ಬೇರೆ ಇಲ್ಲ. ಆದರೆ ಅದನ್ನು ನಾಟಿ ಅಂತ ನಾಟಿ ರೇಟಿಗೆ ಕೊಟ್ಟದ್ದು ಸರಿಯಲ್ಲ.

ಇಂಥ ಕೋಳಿಯಲ್ಲಿ ಇನ್ನೊಂದು ಗುಟ್ಟಿದೆ. ಕಂದು ಮೊಟ್ಟೆಯ ಈ ಮಿಶ್ರತಳಿಗಳಲ್ಲಿ ಹುಟ್ಟಿದ ದಿನವೇ ಹೆಣ್ಣು ಕಂದು, ಗಂಡು ತಿಳಿ ಹಳದಿ. ಬಣ್ಣ ನೋಡಿಯೇ ಬೇರೆ ಮಾಡಿಬಿಡುತ್ತಾರೆ. ಮೊಟ್ಟೆ ಫಾರಂಗೆ ಗಂಡು ಬೇಡ. ಸಂತೆಯಲ್ಲಿ ಗುಲಾಬಿ, ಹಸಿರು, ನೇರಳೆ ಬಣ್ಣ ಅದ್ದಿ ಮಕ್ಕಳಿಗೆ ಮಾರುವ ಮರಿಗಳು ಹೆಚ್ಚಾಗಿ ಇಂಥ ಬೇಡವಾದ ಗಂಡುಗಳೇ. ಈ ಅಂಗಡಿ ಮುಂದೆಯೂ ಒಂದು ಮಂಕರಿ ತುಂಬ ಇಟ್ಟಿರುತ್ತಾನೆ. ಮಗು ಅತ್ತರೂ ಕೊಡಿಸಬೇಡಿ. ಗರಿ ಬಂದಂತೆ ಬಣ್ಣ ಹೋಗುತ್ತದೆ. ಅಲ್ಲಿಯವರೆಗೆ ಬದುಕಿದರೆ ಪುಣ್ಯ.

ಉಳಿದ ‘ನಾಟಿ’ಗಳಲ್ಲಿ ಒಂದು ಬೇರೆಯೇ ಆಯಿತು. ಕತ್ತು ಉದ್ದ, ಕಾಲು ಉದ್ದ, ಎದೆ ಎತ್ತಿಕೊಂಡು ನಿಲ್ಲುವ ಠೀವಿ. ಜುಟ್ಟು ಗರಗಸದ ಹಾಗಿಲ್ಲ, ಗಂಟುಗಂಟಾಗಿ ನೆತ್ತಿಗೆ ಅಂಟಿಕೊಂಡಿದೆ. ಹೇಂಟೆಯಾದರೂ ಹುಂಜದ ಜೊತೆ ಜಗಳಕ್ಕೆ ನಿಲ್ಲುತ್ತದೆ. ಇದರಲ್ಲಿ ಅಸೀಲ್ ರಕ್ತ ಇದೆ. ಜೂಜಿಗೆ ಕಟ್ಟುವ ಕೋಳಿಯ ಜಾತಿ, ನಮ್ಮ ಗಡಿಯಾಚೆಯ ಚಿತ್ತೂರು ಕಡೆಯಲ್ಲಿ ಹೆಸರಾದದ್ದು. ಮೊಟ್ಟೆ ಬಹಳ ಕಡಿಮೆ. ಒಂದಷ್ಟು ಇಟ್ಟು ನಿಲ್ಲಿಸಿಬಿಡುತ್ತದೆ. ಆದರೆ ಕಾವಿಗೆ ಕೂತರೆ ಎಬ್ಬಿಸಲು ನಮ್ಮಿಂದಾಗುವುದಿಲ್ಲ. ಇದಕ್ಕೆ ಕೊಟ್ಟ ದುಡ್ಡು ನನಗೆ ನಷ್ಟ ಅನಿಸಲಿಲ್ಲ.

ಅಂತೂ ಅಂಗಡಿಯವನು ನಾಟಿ ಅಂತ ಕೊಟ್ಟದ್ದರಲ್ಲಿ ಅತ್ತೆ ಒಪ್ಪಿದ ನಾಟಿ ಮೂರೇ. ಬೂದಿ, ಚುಕ್ಕಿ, ಮತ್ತೆ ಕತ್ತು ಬೋಳಿ. ಸಂಜೆಯಾದರೆ ಮೂರೂ ಹಾರಿ ಹಲಸಿನ ಮರ ಏರುತ್ತವೆ. ಇಟ್ಟಿಗೆ ಬಣ್ಣದವು ಗೂಡಿನ ಬಾಗಿಲಲ್ಲೇ ನಿಂತು ನಾನು ಬಾಗಿಲು ತೆಗೆಯಲಿ ಅಂತ ಕಾಯುತ್ತವೆ. ಹದ್ದಿನ ನೆರಳು ಅಂಗಳದ ಮೇಲೆ ಹಾದರೆ ಬೂದಿ ಒಂದು ಕರ್ಕಶ ಕೂಗು ಹಾಕಿ ದಾಸವಾಳದ ಬುಡಕ್ಕೆ ನುಗ್ಗುತ್ತದೆ. ಮಿಕ್ಕವು ಹದ್ದು ಹೋದ ಮೇಲೆ ತಲೆಯೆತ್ತುತ್ತವೆ. ಪಂಜರದಲ್ಲಿ ನಿಂತ ಮರಿಯನ್ನು ನೋಡಿ ಇದನ್ನೆಲ್ಲ ಹೇಳಲಾಗುವುದಿಲ್ಲ. ಆದರೆ ಹಿಡಿಯಲು ಕೈ ಚಾಚಿದಾಗ ಯಾವುದು ಮೊದಲು ಮೂಲೆಗೆ ಓಡುತ್ತದೆ ಅಂತ ನೋಡಬಹುದು. ಅತ್ತೆ ಹೇಳಿಕೊಟ್ಟದ್ದು, ಮುಂದಿನ ಸಲ ನಾನೂ ಹಾಗೇ ಆರಿಸುತ್ತೇನೆ.

ಇನ್ನು ಮೊಟ್ಟೆ. ಇದರ ಬಗ್ಗೆ ಊರಲ್ಲಿರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ.

ನಾಟಿ ಮೊಟ್ಟೆ ಗಾಢ ಕಂದು ಇರಬೇಕು ಅಂತ ಎಲ್ಲರೂ ನಂಬಿದ್ದಾರೆ. ನಮ್ಮ ಮೂರು ನಾಟಿಗಳ ಮೊಟ್ಟೆ ಯಾವುದೂ ಗಾಢ ಕಂದಲ್ಲ. ಬೂದಿಯದು ಹಾಲು ಜಾಸ್ತಿ ಹಾಕಿದ ಚಹಾದ ಬಣ್ಣ. ಚುಕ್ಕಿಯದು ಹೆಚ್ಚುಕಡಿಮೆ ಬಿಳಿ, ಪಕ್ಕದಲ್ಲಿ ಫಾರಂ ಮೊಟ್ಟೆ ಇಟ್ಟರೆ ಮಾತ್ರ ಕೆನೆ ಬಣ್ಣ ಅಂತ ಗೊತ್ತಾಗುವುದು. ಕತ್ತು ಬೋಳಿಯದು ತುದಿ ಚೂಪು, ದಪ್ಪ ಕಡೆಯಲ್ಲಿ ಸಣ್ಣ ಚುಕ್ಕೆ. ಅಡುಗೆಮನೆ ತಕ್ಕಡಿಯಲ್ಲಿಟ್ಟರೆ ಮೂರೂ 38ರಿಂದ 44 ಗ್ರಾಂ ಒಳಗೆ. ಇಟ್ಟಿಗೆ ಬಣ್ಣದ ಕೋಳಿಯದು 58 ಗ್ರಾಂ ತೂಗುತ್ತದೆ, ಗಾಢ ಕಂದು, ಒಂದರಂತೆ ಇನ್ನೊಂದು. ಗಿರಾಕಿಗಳು ಬುಟ್ಟಿಗೆ ಕೈ ಹಾಕಿ ಆರಿಸಿಕೊಳ್ಳುವುದು ಅದನ್ನೇ. ‘ಇದೇ ಅಲ್ವಾ ಅಕ್ಕ ನಾಟಿ?’ ಅಲ್ಲಪ್ಪ, ಅದೇ ಅಲ್ಲದ್ದು.

ಬಣ್ಣ ಎಲ್ಲಿಂದ ಬರುತ್ತದೆ ಅಂತ ತಿಳಿದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಒಂದು ಮೊಟ್ಟೆ ತಯಾರಾಗಲು ಒಂದು ದಿನಕ್ಕಿಂತ ತುಸು ಜಾಸ್ತಿ ಹೊತ್ತು ಬೇಕು. ಅದರಲ್ಲಿ ಇಪ್ಪತ್ತು ಗಂಟೆಯಷ್ಟು ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ. ನಮ್ಮ ಕಡೆಯ ಕೋಳಿಗಳಲ್ಲಿ ಚಿಪ್ಪು ಮೊದಲು ಬಿಳಿಯೇ. ಕಂದು ಬಣ್ಣ ಕೊನೆಯ ಕೆಲವು ಗಂಟೆಗಳಲ್ಲಿ ಮೇಲಿಂದ ಬೀಳುತ್ತದೆ. ಅದಕ್ಕೇ ಕಂದು ಮೊಟ್ಟೆ ಒಡೆದು ಒಳಗೆ ನೋಡಿದರೆ ಬಿಳಿ. ಆ ಹೊತ್ತಲ್ಲಿ ಕೋಳಿ ಹೆದರಿದರೆ ಬಣ್ಣ ಸರಿಯಾಗಿ ಬೀಳುವುದಿಲ್ಲ. ಬೀದಿ ನಾಯಿ ಬೇಲಿ ನುಗ್ಗಿದ ಮಾರನೇ ದಿನ ಇಟ್ಟಿಗೆ ಬಣ್ಣದ ಕೋಳಿಯೇ ಮಾಸಲು ಮೊಟ್ಟೆ ಇಟ್ಟಿತ್ತು. ತಿಂಗಳುಗಟ್ಟಲೆ ಇಟ್ಟು ದಣಿದ ಕೋಳಿಯ ಮೊಟ್ಟೆಯೂ ತೆಳು ಬಣ್ಣಕ್ಕೆ ತಿರುಗುತ್ತದೆ.

ವಾಟ್ಸಾಪ್‌ನಲ್ಲಿ ಓಡಾಡುವ ನಿಂಬೆಹಣ್ಣಿನ ಪರೀಕ್ಷೆ ಇದೆಯಲ್ಲ, ಉಜ್ಜಿದಾಗ ಬಣ್ಣ ಬಿಟ್ಟರೆ ಚಹಾ ನೀರಲ್ಲಿ ಅದ್ದಿದ ನಕಲಿ ಅಂತ, ಅದು ಕೆಲಸಕ್ಕೆ ಬರುವುದಿಲ್ಲ. ನಿಜವಾದ ಕಂದು ಬಣ್ಣವೂ ಚಿಪ್ಪಿನ ಮೇಲ್ಪದರದಲ್ಲೇ ಇರುವುದು. ಹುಳಿ ತಗಲಿದರೆ ಚಿಪ್ಪು ಕರಗುತ್ತದೆ, ಬಣ್ಣವೂ ಹೋಗುತ್ತದೆ. ನಮ್ಮ ಮನೆ ಕೋಳಿ ನನ್ನ ಕಣ್ಣೆದುರು ಇಟ್ಟ ಮೊಟ್ಟೆಯೇ ನಿಂಬೆರಸಕ್ಕೆ ಬಿಳಿಯಾಯಿತು. ಪಾಪ, ಯಾರೋ ಪ್ರಾಮಾಣಿಕ ವ್ಯಾಪಾರಿ ಈ ಪರೀಕ್ಷೆಯಿಂದ ಬೈಗುಳ ತಿಂದಿರುತ್ತಾನೆ.

ಇನ್ನೊಂದು ತಮಾಷೆ. ಪಕ್ಕದ ದಿನಸಿ ಅಂಗಡಿಯಲ್ಲಿ ನೋಟು ಪರೀಕ್ಷಿಸುವ ನೇರಳೆ ದೀಪ ಇದೆ. ಅದರಡಿ ಕಂದು ಮೊಟ್ಟೆ ಹಿಡಿದರೆ ಕೆಂಪಗೆ ಹೊಳೆಯುತ್ತದೆ. ಬಣ್ಣದ ಆ ವಸ್ತುವಿನ ಹೆಸರು ಪ್ರೋಟೋಪಾರ್ಫಿರಿನ್, ಅದರ ಗುಣವೇ ಅದು. ನೋಡಲು ಚೆಂದ. ಜಾತಿ ಮಾತ್ರ ಗೊತ್ತಾಗುವುದಿಲ್ಲ, ಕಂದು ಚಿಪ್ಪು ಯಾವ ಕೋಳಿಯದಾದರೂ ಹೊಳೆಯುತ್ತದೆ.

ಹಳದಿ ಭಂಡಾರವಂತೂ ಪೂರ್ತಿ ತಿನ್ನುವುದರ ಮೇಲೆ. ಮೆಕ್ಕೆಜೋಳ, ಹಸಿರು ಸೊಪ್ಪು ಜಾಸ್ತಿ ತಿಂದರೆ ಕಿತ್ತಳೆ, ಬರೀ ಅಕ್ಕಿ ನುಚ್ಚು ತಿಂದರೆ ತಿಳಿ ಹಳದಿ. ಇಟ್ಟಿಗೆ ಬಣ್ಣದವನ್ನು ಹಿತ್ತಲಿಗೆ ಬಿಟ್ಟು ನುಗ್ಗೆಸೊಪ್ಪು ಹಾಕಿದ ಮೇಲೆ ಅವುಗಳದ್ದೂ ಬೂದಿಯದಷ್ಟೇ ಬಣ್ಣ ಬಂತು. ಫಾರಂನವರು ಫೀಡಿಗೆ ಚೆಂಡುಹೂವಿನ ಸಾರ ಸೇರಿಸಿದರೂ ಅದೇ ಬಣ್ಣ ಬರುತ್ತದೆ.

ಹಾಗಾದರೆ ಕೊಳ್ಳುವವರು ಏನು ನೋಡಬೇಕು? ಒಂದು ಮೊಟ್ಟೆ ನೋಡಬೇಡಿ, ಬುಟ್ಟಿ ನೋಡಿ. ನಾಲ್ಕಾರು ನಾಟಿ ಕೋಳಿಯ ಮನೆಯ ಬುಟ್ಟಿಯಲ್ಲಿ ಮೊಟ್ಟೆಗಳು ಒಂದೊಂದು ಗಾತ್ರ, ಒಂದೊಂದು ಬಣ್ಣ, ಒಂದೊಂದು ಆಕಾರ ಇರುತ್ತವೆ. ಒಂದು ಕೋಳಿ ಇಡುವ ಆಕಾರ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಯಾವ ಮೊಟ್ಟೆ ಯಾರದು ಅಂತ ನಾನು ಗೂಡಿಗೆ ಕೈ ಹಾಕಿದಾಗಲೇ ಹೇಳಬಲ್ಲೆ. ಮೂವತ್ತು ಮೊಟ್ಟೆಯ ಟ್ರೇ ಪೂರ್ತಿ ಒಂದೇ ಬಣ್ಣ, ಒಂದೇ ಗಾತ್ರ ಇದ್ದರೆ ಅದು ಯಾವುದೇ ಆಗಿರಲಿ, ಹಿತ್ತಲ ನಾಟಿಯದಲ್ಲ.

ಕಿವಿ ನೋಡಿ ಮೊಟ್ಟೆ ಬಣ್ಣ ಹೇಳುವ ಒಂದು ಲೆಕ್ಕವೂ ಇದೆ. ಕೋಳಿಯ ಕಿವಿ ಹಾಲೆ ಬಿಳಿ ಇದ್ದರೆ ಬಿಳಿ ಮೊಟ್ಟೆ, ಕೆಂಪಿದ್ದರೆ ಕಂದು. ಫಾರಂನ ಬಿಳಿ ಲೆಗ್‌ಹಾರ್ನ್ ಕೋಳಿಗೆ ಸರಿ, ಇಟ್ಟಿಗೆ ಬಣ್ಣದವಕ್ಕೂ ಸರಿ. ನಾಟಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಚುಕ್ಕಿಯ ಕಿವಿ ಕೆಂಪು, ನಡುವೆ ಬಿಳಿ ಮಚ್ಚೆ. ಏನಂತ ಹೇಳುತ್ತೀರಿ?

ಕಡಕ್‌ನಾಥ್ ವಿಷಯಕ್ಕೆ ಬರೋಣ, ಏಕೆಂದರೆ ಈ ಅಂಗಡಿಯಲ್ಲಿ ಅತಿ ದುಬಾರಿ ಪಂಜರ ಅದೇ. ‘ಮಾಂಸ ಕಪ್ಪು, ಮೂಳೆ ಕಪ್ಪು, ಮೊಟ್ಟೆನೂ ಕಪ್ಪು ಅಕ್ಕಾ’ ಅಂದ. ಮೊದಲ ಎರಡು ನಿಜ. ಮೂರನೆಯದು ಸುಳ್ಳು. ಕಡಕ್‌ನಾಥ್ ಮೊಟ್ಟೆ ಕೆನೆ ಅಥವಾ ತಿಳಿ ಕಂದು. ಇದು ಮಧ್ಯಪ್ರದೇಶದ ಝಾಬುವಾ ಕಡೆಯ ಭಿಲ್ಲರು ಸಾಕಿಕೊಂಡು ಬಂದ ಕೋಳಿ. ಅಲ್ಲಿಯ ಕಡಕ್‌ನಾಥ್ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಿಕೆಯೂ (ಜಿಐ ಟ್ಯಾಗ್) ಸಿಕ್ಕಿತು. ಆಮೇಲೆ ಎಲ್ಲ ಪೇಟೆಯಲ್ಲೂ ಕರಿ ಕೋಳಿಯೇ ಕಡಕ್‌ನಾಥ್ ಆಗಿಹೋಯಿತು.

ನಾನು ತಂದ ಎರಡರಲ್ಲಿ ಒಂದು ಅಸಲಿ. ಕೊಕ್ಕು ಬಿಡಿಸಿದರೆ ನಾಲಿಗೆ ಬೂದುಗಪ್ಪು. ಜುಟ್ಟು ನೇರಳೆ ಕಪ್ಪು, ಕಾಲು, ಉಗುರು, ಅಂಗಾಲು ಎಲ್ಲ ಕಪ್ಪು. ಎದೆಯ ಗರಿ ಊದಿ ಬಿಡಿಸಿದರೆ ಚರ್ಮವೂ ಕಪ್ಪು. ಇನ್ನೊಂದರ ಗರಿಯೇನೋ ಮಿರಿಮಿರಿ ಕಪ್ಪು, ಬಿಸಿಲಲ್ಲಿ ಹಸಿರು ಹೊಳಪು ಕೂಡ ಇದೆ. ಆದರೆ ಐದನೇ ತಿಂಗಳಿಗೆ ಜುಟ್ಟು ಕೆಂಪಾಯಿತು. ಗರಿ ಊದಿದರೆ ಬೆಳ್ಳಗಿನ ಚರ್ಮ. ಕರಿ ನಾಟಿಯೋ, ಬೆರಕೆಯೋ, ಕಡಕ್‌ನಾಥ್ ಅಂತೂ ಅಲ್ಲ. ಈ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಬಹುದು, ಮರಿಯಲ್ಲೂ ಗೊತ್ತಾಗುತ್ತದೆ. ಬಾಯಿ ತೆರೆಸಿ, ಎದೆಗೆ ಊದಿ, ಆಮೇಲೆ ದುಡ್ಡು ಕೊಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಗಿರಿರಾಜದಲ್ಲಿ ಮಾತ್ರ ಇವನು ಪ್ರಾಮಾಣಿಕ. ಗಿರಿರಾಜ ಅಂದದ್ದು ಗಿರಿರಾಜವೇ ಆಗಿತ್ತು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ತಯಾರಾದ ತಳಿ, ಹಿತ್ತಲಲ್ಲಿ ಬಿಟ್ಟು ಸಾಕಲೆಂದೇ ಮಾಡಿದ್ದು. ಗರಿ ಬಣ್ಣ ಬಣ್ಣ, ಅದಕ್ಕೇ ದೂರದಿಂದ ನಾಟಿ ಅಂತಲೇ ಕಾಣುತ್ತದೆ. ಹತ್ತಿರ ಹೋದರೆ ಮೈ ದೊಡ್ಡದು, ಎದೆ ಅಗಲ, ಕಾಲು ದಪ್ಪ, ನಡಿಗೆ ನಿಧಾನ. ವರ್ಷಕ್ಕೆ 130ರಿಂದ 150 ಮೊಟ್ಟೆ, ಒಂದೊಂದು 52ರಿಂದ 55 ಗ್ರಾಂ, ಕಂದು. ನಮ್ಮಲ್ಲಿ ತೂಗಿದ್ದೂ ಹತ್ತಿರ ಹತ್ತಿರ ಹಾಗೇ ಬಂತು. ಅದೇ ಕಾಲೇಜಿನವರು 2005ರಲ್ಲಿ ಸ್ವರ್ಣಧಾರ ಅಂತ ಇನ್ನೊಂದು ಬಿಟ್ಟರು. ಮೈ ಸ್ವಲ್ಪ ಹಗುರ, ಕಾಡುಬೆಕ್ಕು ಬಂದರೆ ತಪ್ಪಿಸಿಕೊಳ್ಳುವುದು ಸುಲಭ, ವರ್ಷಕ್ಕೆ ಹದಿನೈದಿಪ್ಪತ್ತು ಮೊಟ್ಟೆ ಜಾಸ್ತಿ. ಈ ಅಂಗಡಿಯಲ್ಲಿ ಅದು ಇಲ್ಲ. ಕೇಳಿದೆ, ಇಲ್ಲ ಅಂತ ನೇರವಾಗಿ ಹೇಳಿದ. ಗಿರಿರಾಜ ತೋರಿಸಿ ಸ್ವರ್ಣಧಾರ ಅನ್ನಬಹುದಿತ್ತು, ಅನ್ನಲಿಲ್ಲ. ಅದಕ್ಕೆ ಅರ್ಧ ನಕ್ಷತ್ರ.

ಗಿರಿರಾಜ ಕೊಳ್ಳುವವರು ಒಂದು ತಿಳಿದಿರಬೇಕು. ಅದು ಕಾವಿಗೆ ಕೂರುವುದಿಲ್ಲ. ಮೊಟ್ಟೆ ಇಟ್ಟು ಎದ್ದು ಹೋಗುತ್ತದೆ, ಹಿಂತಿರುಗಿಯೂ ನೋಡುವುದಿಲ್ಲ. ಜಾತಿ ಪತ್ತೆಗೆ ಇದು ಮೊಟ್ಟೆಯ ಬಣ್ಣಕ್ಕಿಂತ ದೊಡ್ಡ ಗುರುತು. ನಾಟಿ ಹೇಂಟೆ ಒಂದು ಸುತ್ತು ಮೊಟ್ಟೆ ಇಟ್ಟು ಮುಗಿಸಿದ ಮೇಲೆ ಮೈ ಉಬ್ಬಿಸಿಕೊಂಡು ಕೂತುಬಿಡುತ್ತದೆ. ಹತ್ತಿರ ಕೈ ತಂದರೆ ಗುರ್ ಅನ್ನುತ್ತದೆ. ಇಪ್ಪತ್ತೊಂದು ದಿನ ಹೆಚ್ಚು ತಿನ್ನುವುದೂ ಇಲ್ಲ. ಚುಕ್ಕಿ ಕಾವಿಗೆ ಕೂತಾಗ ಅತ್ತೆ ಅದರಡಿ ಮೂರು ಗಿರಿರಾಜ ಮೊಟ್ಟೆಯನ್ನೂ ತಳ್ಳಿದರು. ಅಷ್ಟು ದೊಡ್ಡ ಮೊಟ್ಟೆ ತನ್ನದಲ್ಲ ಅಂತ ಅದಕ್ಕೆ ಅನಿಸಲೇ ಇಲ್ಲ, ಕೊಕ್ಕಲ್ಲಿ ಎಳೆದು ಎದೆಯ ಕೆಳಗೆ ಸರಿಮಾಡಿಕೊಂಡಿತು. ಮರಿಯೂ ಆದವು. ಆದರೆ ಆ ಮರಿಗಳು ದೊಡ್ಡವಾದರೆ ಗಿರಿರಾಜ ಆಗುವುದಿಲ್ಲ. ಗಿರಿರಾಜವೇ ಮಿಶ್ರತಳಿ, ಮುಂದಿನ ಪೀಳಿಗೆಗೆ ಗುಣ ಚೆದುರಿಹೋಗುತ್ತದೆ. ಗಿರಿರಾಜವೇ ಬೇಕಾದರೆ ಮತ್ತೆ ಮರಿ ತರಲೇಬೇಕು.

ಇಟ್ಟಿಗೆ ಬಣ್ಣದ ನಾಲ್ಕರ ಬಗ್ಗೆ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ನಗುತ್ತಾ, ‘ಅಕ್ಕಾ, ಹಿತ್ತಲಲ್ಲಿ ಬಿಟ್ಟು ಸಾಕಿದ್ರೆ ಎಲ್ಲ ನಾಟಿನೇ’ ಅಂದ. ‘ಹಾಗಾದರೆ ಬೋರ್ಡಲ್ಲಿ ಅಪ್ಪಟ ಅಂತ ಯಾಕಣ್ಣ ಹಾಕಿದ್ದೀಯ?’ ಅಂದೆ. ಆಗ ಸ್ವಲ್ಪ ಹೊತ್ತು ಮೂಟೆ ಸರಿಮಾಡಿ, ನಿಜ ಹೇಳಿದ. ಅಪ್ಪಟ ನಾಟಿ ಮರಿ ಬೇಕಾದಷ್ಟು ಸಿಗುವುದೇ ಇಲ್ಲ. ಒಂದು ಹೇಂಟೆ ಕೂತರೆ ಹತ್ತು ಹನ್ನೆರಡು ಮರಿ, ಅದರಲ್ಲಿ ಮನೆಯವರು ಇಟ್ಟುಕೊಂಡು ಉಳಿದದ್ದು ಮಾರಾಟಕ್ಕೆ. ಕೇಳುವವರೋ ವಾರಕ್ಕೆ ನೂರು ಮರಿ ಕೇಳುತ್ತಾರೆ. ಮೆಷಿನ್ನಲ್ಲಿ ಮಾಡಿಸಿದ ಬೆರಕೆಯನ್ನೇ ಸೇರಿಸಿ ಕೊಡಬೇಕಾಗುತ್ತದೆ. ಅವನ ಕಷ್ಟ ಅರ್ಥವಾಗುತ್ತದೆ. ‘ನಾಟಿ ಬೆರಕೆ’ ಅಂತ ಬರೆದು ಇಪ್ಪತ್ತು ರೂಪಾಯಿ ಕಡಿಮೆ ಮಾಡಿದರೆ ಯಾರ ತಕರಾರೂ ಇರುವುದಿಲ್ಲ. ಆ ಸಲಹೆ ಅವನಿಗೆ ಹಿಡಿಸಲಿಲ್ಲ. ಕೆಂಪು ಜುಟ್ಟಿನ ‘ಕಡಕ್‌ನಾಥ್’ ಬದಲಿಗೆ ಎರಡು ಗಿರಿರಾಜ ಮರಿ ಮಾತ್ರ ಮರುಮಾತಿಲ್ಲದೆ ಕೊಟ್ಟ.

ಹಾಗಾಗಿ ನನ್ನ ಲೆಕ್ಕ ಹೀಗಿದೆ. ಗಿರಿರಾಜ ಬೇಕಾದರೆ ಇಲ್ಲೇ ಕೊಳ್ಳಿ, ಬೆಲೆಯೂ ನ್ಯಾಯ, ಮರಿಯೂ ಗಟ್ಟಿ. ದಿನಾ ಮೊಟ್ಟೆ ಬೇಕು, ಜಾತಿ ಯಾವುದಾದರೇನು ಅನ್ನುವವರು ಆ ಕೆಂಗಂದು ಮರಿಗಳನ್ನೇ ಕೇಳಿ ತೆಗೆದುಕೊಳ್ಳಿ, ಆದರೆ ನಾಟಿ ರೇಟು ಕೊಡಬೇಡಿ. ಕಡಕ್‌ನಾಥ್ ಬಾಯಿ ನೋಡಿ ಕೊಳ್ಳಿ. ಸರ್ಕಾರಿ ಮರಿಯೇ ಬೇಕು ಅನ್ನುವವರಿಗೆ ಹೆಬ್ಬಾಳ ಇದೆ. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಕೇಂದ್ರವಿದೆ, ಕಾವೇರಿ ತಳಿ ಅಲ್ಲಿಯದು. ಎರಡಕ್ಕೂ ಮೊದಲೇ ಫೋನು ಮಾಡಿ ಹೋಗುವುದು ಒಳ್ಳೆಯದು. ಅಪ್ಪಟ ನಾಟಿ ಬೇಕೆಂದರೆ ಅಂಗಡಿಯ ಆಸೆ ಬಿಡಿ. ಹಳ್ಳಿಯಲ್ಲಿ ಹೇಂಟೆ ಕಾವಿಗೆ ಕೂತ ಮನೆ ಹುಡುಕಿ, ಮುಂಗಡ ಹೇಳಿಟ್ಟು, ತಾಯಿಯನ್ನು ನೋಡಿ ಮರಿ ತನ್ನಿ. ನಮ್ಮ ಮನೆಯಲ್ಲಿ ಈಗ ಬೂದಿಯೂ ಕೂತಿದೆ, ಆ ಮರಿಗಳನ್ನು ಆಗಲೇ ಮೂವರು ಕೇಳಿಟ್ಟಿದ್ದಾರೆ.

ಈ ಅಂಗಡಿಗೆ ಹೋಗುವವರು ಸಂತೆ ದಿನ ಬಿಟ್ಟು ಬೇರೆ ದಿನ ಬೆಳಿಗ್ಗೆ ಹೋಗಿ. ಸಂತೆ ದಿನ ಗರಿ ಊದಿ ನೋಡಲು ಅವನು ಬಿಡುವುದಿಲ್ಲ. ಗೂಗಲ್ ಪೇ ಇದೆ. ಚೌಕಾಸಿ ಮಾಡಿದರೆ ಒಂದು ಕೆಜಿ ಫೀಡು ಸುಮ್ನೆ ಕೊಡುತ್ತಾನೆ.